ನ ಎಂದಿರಲಿ

ಬೋರಾ ಬಜಾರಿನ ಒಳಗಲ್ಲಿ, ಮೂರನೆಯ ಮಾಳಿಗೆ.
ಹಗಲು ಗುಜರಾತಿ ಶಾಲೆ, ಏಳರ ಮೇಲೆ ನಮ್ಮದು.
ಬೆಂಚುಗಳು ಎಳೆಮಕ್ಕಳ ಅಳತೆಯವು; ಮೊಣಕಾಲು ಮಡಚಿ
ಅದರಲ್ಲೇ ತುರುಕಿಕೊಳ್ಳುತ್ತಿದ್ದರು
ಲೋಟ ತೊಳೆದು ತೊಳೆದು ಬೆರಳು ಸುಕ್ಕಾದ ಹುಡುಗರು,
ಹತ್ತನೆಯ ಇಯತ್ತೆಯ ರೇಖಾಗಣಿತಕ್ಕೆ.

ಐತಪ್ಪ ಮೊದಲು ಕೇಳಿದ್ದು ಹೊತ್ತು ಕಳೆಯಲಿಕ್ಕೇ:
"ದೇವರಿಗೊಂದು ಪ್ರಮೇಯ ಉಂಟಾ ಸರ್?"

ಸೀಮೆಸುಣ್ಣ ಕೈಯಲ್ಲಿತ್ತು. ಬರೆದೆ:
ಎಣಿಸುವ ಸಂಖ್ಯೆಗಳಲ್ಲಿ ಎಲ್ಲಕ್ಕೂ ದೊಡ್ಡದು ನ ಎಂದಿರಲಿ.
ಅದು ಒಂದನ್ನು ಮೀರಿದರೆ, ಅದರ ವರ್ಗ ಅದನ್ನೂ ಮೀರೀತು.
ದೊಡ್ಡದಕ್ಕಿಂತ ದೊಡ್ಡದು? ಅಸಂಗತ.
ಆದುದರಿಂದ ಎಲ್ಲಕ್ಕೂ ದೊಡ್ಡ ಸಂಖ್ಯೆ
ಒಂದು.

ಹೆಜ್ಜೆ ಯಾವುದೂ ಜಾರಿಲ್ಲ, ನೋಡಿ.
ಜಾರಿದ್ದು ಹೊಸ್ತಿಲಲ್ಲೇ, ಇರಲಿ ಎಂದೆನಲ್ಲ, ಅಲ್ಲಿ.
ಇರಲಿ ಅಂದಮಾತ್ರಕ್ಕೆ ಇರುವುದಿಲ್ಲ ಎಂದು ನಾನು ತಿರುಗುವಷ್ಟರಲ್ಲಿ
ಹಿಂದಿನ ಬೆಂಚಿನಿಂದ ಚೀಂಕ್ರ:
"ಸರಿಯೇ ಬಂತಲ್ಲ ಸರ್, ದೇವರು ಒಬ್ಬನೇ ಅಂತ
ನಮ್ಮ ಅಜ್ಜಿಯೂ ಹೇಳ್ತಿದ್ದಳು."
ಆ ರಾತ್ರಿ ಮತ್ತೆ ಪಾಠ ನಡೆಯಲಿಲ್ಲ.

ಹಾರ್ಬರ್ ಲೈನಿನ ಗಾಡಿಯಲ್ಲಿ ಐತಪ್ಪ ಬಿಡಲಿಲ್ಲ.
"ಟಿಕೇಟು ತೆಗೆದರೆ ಹೋಗುವುದು ಮೂವತ್ತು ಪೈಸೆ.
ಟೀಸಿ ಹಿಡಿದರೆ? ಆ ದಂಡಕ್ಕೆ ಕೊನೆಯೇ ಇಲ್ಲ ಅಂತಿಟ್ಟುಕೊಳ್ಳಿ.
ಹಿಡಿಯುವ ಸಂಭವ ಸಾಸಿವೆ ಕಾಳಷ್ಟೇ ಇರಲಿ,
ಅನಂತದಿಂದ ಗುಣಿಸಿದರೆ ಅನಂತವೇ ಅಲ್ವಾ?
ನಂಬುವುದೇ ಲಾಭ."
ಗುಣಾಕಾರ ಕಲಿಸಿದವನು ನಾನೇ, ತಪ್ಪೆನ್ನಲು ಬಾಯಿಲ್ಲ.
"ಯಾವ ಲೈನಿನ ಟಿಕೇಟು ಮಾರಾಯ?" ಎಂದೆ.
"ಚರ್ಚ್‌ಗೇಟಿನದು ಹಿಡಿದು ವಡಾಲದಲ್ಲಿ ಇಳಿದರೆ
ಅದಕ್ಕೂ ದಂಡವೇ. ಒಬ್ಬೊಬ್ಬ ಟೀಸಿಯ ಕೈಲೂ ಒಂದೊಂದು ಅನಂತ."
ರೇ ರೋಡು ದಾಟುವ ತನಕ ಅವನು ಕಂಬಿ ಹಿಡಿದು ನಿಂತಿದ್ದ.
ಬಾಗಿಲಲ್ಲಿ ಜೋತು ಗಾಳಿ ಕುಡಿಯುತ್ತಿದ್ದ ಚೀಂಕ್ರ,
ಹುಟ್ಟಿದಾರಭ್ಯ ಟಿಕೇಟು ತೆಗೆದವನಲ್ಲ.

ಫೆಬ್ರವರಿಯಲ್ಲಿ ಹೋಟೆಲಿನ ಬಾಯ್ಲರು ಒಡೆಯಿತು.
ಸಂಜೆಯ ಪಾಳಿ ಐತಪ್ಪನದು; ಇಲ್ಲಿ ಪೂರ್ವಪರೀಕ್ಷೆ.
"ನೀನು ಹೋಗು, ನನಗೆ ವೃತ್ತ ತಲೆಗೆ ಹತ್ತುವುದಿಲ್ಲ"
ಅಂದು ಒಲೆಯ ಮುಂದೆ ನಿಂತವನು ಚೀಂಕ್ರ.

ಮಾಲೀಕರು ಐತಪ್ಪನ ತಲೆ ನೇವರಿಸಿ ಹೇಳಿದರಂತೆ:
ದೇವರು ದೊಡ್ಡವನು.

ಹದಿಮೂರು ದಿನ ಬಿಟ್ಟು ಬಂದ. ಪುಸ್ತಕ ತೆರೆಯಲಿಲ್ಲ.
"ಇದರ ಸಂಭವನೀಯತೆ ತೆಗೆದುಕೊಡಿ ಸರ್."

ತೆಗೆದೆ. ಇನ್ನೇನು ಗೊತ್ತಿತ್ತು ನನಗೆ?
ಈ ಊರಲ್ಲಿ ರಾತ್ರಿಗೆ ಎಷ್ಟು ಸಾವಿರ ಜನ ಪಾಳಿ ಬದಲಿಸುತ್ತಾರೆ,
ವರ್ಷಕ್ಕೆ ಎಷ್ಟು ಬಾಯ್ಲರು, ಎಷ್ಟು ಸಿಲಿಂಡರು,
ಎಲ್ಲೋ ಒಂದು ಕಡೆ ಯಾರೋ ಒಬ್ಬ
ಹೀಗೆ ಉಳಿದು ನಿಂತೇ ನಿಲ್ಲಬೇಕು.
ಉಳಿದವನಷ್ಟೇ ಬಂದು ಯಾಕೆ ಎಂದು ಕೇಳುತ್ತಾನೆ;
ಇನ್ನೊಬ್ಬನ ಪ್ರಶ್ನೆ ಲೆಕ್ಕಕ್ಕೇ ಸಿಗುವುದಿಲ್ಲ.
ಅರ್ಧ ಹಲಗೆ ತುಂಬಿತು. ಯಾರ ಕೈಯೂ ಕಾಣಲಿಲ್ಲ ಅದರಲ್ಲಿ,
ಬೇಕಾಗಲೂ ಇಲ್ಲ.

ಐತಪ್ಪ ಒಂದೊಂದೇ ಸಾಲು ಓದಿದ, ತುಟಿಯಲ್ಲಿ.
"ಲೆಕ್ಕ ಸರಿ ಉಂಟು.
ಆದರೆ ವೃತ್ತ ಬರುವುದಿಲ್ಲ ಅಂದನಲ್ಲ, ಅದು ಸುಳ್ಳು ಸರ್.
ನನಗೆ ಸ್ಪರ್ಶಕ ಎಳೆಯಲು ಹೇಳಿಕೊಟ್ಟದ್ದೇ ಅವನು,
ಮೇಜಿನ ಮೇಲೆ, ಚೆಲ್ಲಿದ ಚಹಾದಲ್ಲಿ."

ದತ್ತ ಎಂದು ಬರೆಯಲೇ ಅದನ್ನು? ಸಾಧನೀಯ ಎಂದೇ?
ಸೀಮೆಸುಣ್ಣ ಬೆರಳಲ್ಲೇ ಪುಡಿಯಾಯಿತು.

ವಿಟಿಯ ಕಿಟಕಿಯಲ್ಲಿ ಅವನು ವಡಾಲಕ್ಕೆ ಎರಡು ಕೇಳಿದ.
"ನನ್ನ ಹತ್ತಿರ ಪಾಸುಂಟಲ್ಲ" ಎಂದೆ.
"ಗೊತ್ತು ಸರ್."
ಒಂದನ್ನು ಹಿಡಿದುಕೊಂಡ, ಇನ್ನೊಂದನ್ನು
ಅಂಗಿಯ ಒಳಜೇಬಿಗೆ ಇಳಿಸಿದ.
"ಇರಲಿ."